ಮೊಣಕಾಲಿನ ಅಸ್ಥಿರಜ್ಜು ಗಾಯಗಳ ಎಂಆರ್‌ಐ ಚಿತ್ರಣ

ಮೊಣಕಾಲಿನ ಅಸ್ಥಿರಜ್ಜು ಗಾಯಗಳ ಎಂಆರ್‌ಐ ಚಿತ್ರಣವು ಮೊಣಕಾಲಿನ ಮೂಳೆಗಳನ್ನು ಬಿಗಿದು ಹಿಡಿದಿರುವ ಅಸ್ಥಿರಜ್ಜುಗಳು ಹರಿದಾಗ ಅಥವಾ ಅತಿಯಾಗಿ ಎಳೆತಕ್ಕೆ ಒಳಗಾದಾಗ, ಗಾಯದ ಸ್ಥಳ, ಪ್ರಮಾಣ ಮತ್ತು ಜೊತೆಗಿರುವ ಇತರ ಹಾನಿಗಳನ್ನು ಗುರುತಿಸಲು ಬಳಸುವ ವೈದ್ಯಕೀಯ ಚಿತ್ರಣ ವಿಧಾನವಾಗಿದೆ. ಅಸ್ಥಿರಜ್ಜುಗಳನ್ನು ಆಡುಮಾತಿನಲ್ಲಿ ಲಿಗಮೆಂಟ್ ಎಂದೇ ಕರೆಯುವುದು ರೂಢಿ. ಕ್ಷ-ಕಿರಣ ಚಿತ್ರದಲ್ಲಿ ಮೂಳೆಗಳು ಮಾತ್ರ ಸ್ಪಷ್ಟವಾಗಿ ಕಾಣುವುದರಿಂದ, ಮೂಳೆ ಮುರಿಯದೆ ಅಸ್ಥಿರಜ್ಜು ಮಾತ್ರ ಹರಿದ ಮೊಣಕಾಲು ಅದರಲ್ಲಿ ಬಹುಮಟ್ಟಿಗೆ ಸಹಜವಾಗಿಯೇ ತೋರುತ್ತದೆ. ಎಂಆರ್‌ಐ ಈ ಕೊರತೆಯನ್ನು ತುಂಬುತ್ತದೆ.

ಶಸ್ತ್ರಚಿಕಿತ್ಸೆಯ ಯೋಜನೆಯಲ್ಲಿ ಎಂಆರ್‌ಐನ ಮುಖ್ಯ ಪ್ರಯೋಜನ ಅಸ್ಥಿರಜ್ಜು ಹರಿದಿದೆಯೇ ಇಲ್ಲವೇ ಎಂದು ತಿಳಿಸುವುದಷ್ಟೇ ಅಲ್ಲ. ಅದನ್ನು ಅನುಭವಿ ಮೂಳೆತಜ್ಞರು ಅನೇಕ ವೇಳೆ ಕೈಪರೀಕ್ಷೆಯಿಂದಲೇ ತಿಳಿಯಬಲ್ಲರು. ಹರಿದ ರಜ್ಜುವಿನ ಜೊತೆಗೆ ಇನ್ನೇನು ಕೆಟ್ಟಿದೆ, ಅದನ್ನು ಎಷ್ಟು ಬೇಗ ಸರಿಪಡಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಎಂಆರ್‌ಐಯಿಂದ.

ಮೊಣಕಾಲಿನ ರಚನೆ

ತೊಡೆಮೂಳೆ, ಅದರ ಕೆಳಗಿನ ಟಿಬಿಯಾ ಎಂಬ ಮೂಳೆ ಮತ್ತು ಮುಂಭಾಗದ ಮಂಡಿಚಿಪ್ಪು ಸೇರಿ ಮೊಣಕಾಲಿನ ಕೀಲು ಉಂಟಾಗುತ್ತದೆ. ಕೀಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಫಿಬುಲಾ ಎಂಬ ತೆಳುವಾದ ಮೂಳೆಯ ತಲೆಯಿದೆ. ಕೀಲಿನ ಒಳಗೆ ಒಂದನ್ನೊಂದು ಅಡ್ಡಹಾಯುವ ಎರಡು ರಜ್ಜುಗಳಿವೆ. ಮುಂದಿನದನ್ನು ಎಸಿಎಲ್ ಎಂದೂ ಹಿಂದಿನದನ್ನು ಪಿಸಿಎಲ್ ಎಂದೂ ಕರೆಯುತ್ತಾರೆ. ಟಿಬಿಯಾ ಮುಂದಕ್ಕೆ ಜಾರದಂತೆಯೂ ಕಾಲು ತಿರುಗುವಾಗ ಕೀಲು ತಪ್ಪದಂತೆಯೂ ಎಸಿಎಲ್ ತಡೆಯುತ್ತದೆ. ಟಿಬಿಯಾ ಹಿಂದಕ್ಕೆ ಸರಿಯದಂತೆ ತಡೆಯುವುದು ಪಿಸಿಎಲ್; ಇದು ಎರಡರಲ್ಲಿ ದಪ್ಪನಾದದ್ದು. ಎಸಿಎಲ್‌ನ ಸರಾಸರಿ ಉದ್ದ 3 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು.

ಕೀಲಿನ ಒಳಬದಿಯಲ್ಲಿ ಎಂಸಿಎಲ್, ಹೊರಬದಿಯಲ್ಲಿ ಎಲ್‌ಸಿಎಲ್ ಎಂಬ ರಜ್ಜುಗಳಿವೆ. ಹೊರಬದಿಯ ಹಿಂಮೂಲೆಯಲ್ಲಿ ಎಲ್‌ಸಿಎಲ್, ಪಾಪ್ಲಿಟಿಯಸ್ ಸ್ನಾಯುರಜ್ಜು ಮತ್ತು ಅದನ್ನು ಫಿಬುಲಾಕ್ಕೆ ಕಟ್ಟುವ ಚಿಕ್ಕ ರಜ್ಜು ಒಟ್ಟಾಗಿ ಕೆಲಸ ಮಾಡುತ್ತವೆ. ತೊಡೆಮೂಳೆ ಮತ್ತು ಟಿಬಿಯಾದ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿದ್ದು, ಇವು ಮೆನಿಸ್ಕಸ್‌ಗಳು. ಅಸ್ಥಿರಜ್ಜು ಹರಿಯುವಾಗ ಇವೂ ಹರಿಯುವುದು ತೀರ ಸಾಮಾನ್ಯ.

ಗಾಯವಾಗುವ ಬಗೆ

ಪಾದ ನೆಲದಲ್ಲಿ ಊರಿಕೊಂಡಿರುವಾಗ ದೇಹ ಥಟ್ಟನೆ ತಿರುಗಿದರೆ ಎಸಿಎಲ್ ಹರಿಯುತ್ತದೆ. ಇದಕ್ಕೆ ಇನ್ನೊಬ್ಬರ ಹೊಡೆತ ಬೇಕಾಗಿಲ್ಲ. ಎಷ್ಟೋ ಮಂದಿ ಆ ಕ್ಷಣದಲ್ಲಿ ಒಳಗೆ 'ಟಪ್' ಎಂದ ಸದ್ದನ್ನು ಹೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ಕೀಲಿನೊಳಗೆ ರಕ್ತ ತುಂಬಿ ಮೊಣಕಾಲು ಊದುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಶಾಲೆ ಮತ್ತು ಊರುಗಳಲ್ಲಿ ಆಡುವ ಕಬಡ್ಡಿ, ಖೋ ಖೋ ಹಾಗೂ ಕುಸ್ತಿಗಳಲ್ಲಿ ಇಂತಹ ತಿರುವುಗಳು ಆಟದ ಭಾಗವೇ ಆಗಿವೆ. ದಾಳಿಗೆ ಬಂದ ಆಟಗಾರನ ಹಿಮ್ಮಡಿ ಹಿಡಿದಾಗ ಅವನ ದೇಹ ಮುಂದಕ್ಕೆ ಹೊರಳುತ್ತದೆ, ಕಾಲು ಹಿಂದೆಯೇ ಉಳಿಯುತ್ತದೆ. ಖೋ ಖೋ ಆಟಗಾರ ಕಂಬವನ್ನು ಬಳಸಿ ತಿರುಗುವಾಗ ಇಡೀ ಭಾರ ಒಂದೇ ಮೊಣಕಾಲಿನ ಮೇಲೆ ಬೀಳುತ್ತದೆ.

ಭಾರತದಲ್ಲಿ ಕ್ರೀಡೆಯಷ್ಟೇ ದೊಡ್ಡ ಕಾರಣ ದ್ವಿಚಕ್ರ ವಾಹನ ಅಪಘಾತ. ಹುನಗುಂದ ಮತ್ತು ಇಳಕಲ್ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಂತಹ ರಸ್ತೆಗಳಲ್ಲಿ ಬೈಕ್ ಉರುಳಿದಾಗ ಮಡಚಿದ ಮೊಣಕಾಲು ನೇರವಾಗಿ ನೆಲಕ್ಕೆ ಬಡಿಯಬಹುದು. ಆಗ ಟಿಬಿಯಾ ಹಿಂದಕ್ಕೆ ತಳ್ಳಲ್ಪಟ್ಟು ಪಿಸಿಎಲ್ ಹರಿಯುತ್ತದೆ. ಆಟದ ಗಾಯಕ್ಕೂ ರಸ್ತೆಯ ಗಾಯಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಎರಡನೆಯದರಲ್ಲಿ ಒಂದಕ್ಕಿಂತ ಹೆಚ್ಚು ರಜ್ಜುಗಳು ಒಟ್ಟಿಗೆ ಹರಿಯುವ ಸಂಭವ ಹೆಚ್ಚು.

ಚಿತ್ರಣದ ವಿಧಾನ

ಎಂಆರ್‌ಐ ಎಂದರೆ ಕಾಂತೀಯ ಅನುರಣನ ಚಿತ್ರಣ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಪ್ರೋಟಾನ್‌ಗಳು ಪ್ರಬಲ ಕಾಂತಕ್ಷೇತ್ರದಲ್ಲಿ ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೋ ತರಂಗದಿಂದ ಅವುಗಳನ್ನು ಅಲುಗಿಸಿದಾಗ ಮರಳಿ ಬರುವ ಸಂಕೇತವನ್ನು ಗಣಕಯಂತ್ರ ಚಿತ್ರವಾಗಿ ಜೋಡಿಸುತ್ತದೆ. ಈ ತಂತ್ರದ ಬೆಳವಣಿಗೆಗಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದ ಯಂತ್ರಗಳಿರುತ್ತವೆ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಮೊಣಕಾಲಿನ ಅಸ್ಥಿರಜ್ಜುಗಳ ಪರೀಕ್ಷೆಗೆ 1.5 ಟೆಸ್ಲಾ ಯಂತ್ರ ಸಾಕಾಗುತ್ತದೆ.

ರೋಗಿ ಮಲಗಿದ ಸ್ಥಿತಿಯಲ್ಲಿ ಮೊಣಕಾಲನ್ನು ಸುರುಳಿಯೊಂದರೊಳಗೆ ಇರಿಸಿ, ಸುಮಾರು 20ರಿಂದ 30 ನಿಮಿಷಗಳಲ್ಲಿ ಮೂರು ದಿಕ್ಕುಗಳ ಚಿತ್ರಗಳನ್ನು ತೆಗೆಯಲಾಗುತ್ತದೆ. ಪಕ್ಕದಿಂದ ನೋಡಿದಂತಹ ಚಿತ್ರಗಳಲ್ಲಿ ಎಸಿಎಲ್, ಪಿಸಿಎಲ್ ಮತ್ತು ಮೆನಿಸ್ಕಸ್‌ಗಳು, ಮುಂದಿನಿಂದ ನೋಡಿದಂತಹವುಗಳಲ್ಲಿ ಎರಡು ಬದಿಯ ರಜ್ಜುಗಳು, ಅಡ್ಡಛೇದಗಳಲ್ಲಿ ಮಂಡಿಚಿಪ್ಪು ಮತ್ತು ಸ್ನಾಯುರಜ್ಜುಗಳು ಚೆನ್ನಾಗಿ ಕಾಣುತ್ತವೆ. ಪ್ರತಿ ಛೇದದ ದಪ್ಪ 3ರಿಂದ 4 ಮಿ.ಮೀ. ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆದ ಚಿತ್ರಗಳಲ್ಲಿ ನೀರು, ಊತ ಮತ್ತು ರಕ್ತಸ್ರಾವ ಬೆಳ್ಳಗೆ ಎದ್ದು ಕಾಣುತ್ತವೆ. ಸಾಮಾನ್ಯ ಅಸ್ಥಿರಜ್ಜು ಗಾಯಕ್ಕೆ ನರದ ಮೂಲಕ ಯಾವುದೇ ಔಷಧ ಕೊಡಬೇಕಾಗಿಲ್ಲ. ಎಂಆರ್‌ಐನಲ್ಲಿ ಕ್ಷ-ಕಿರಣದ ಬಳಕೆಯಿಲ್ಲ.

ಯಂತ್ರದ ಕಾಂತ ಸದಾ ಚಾಲನೆಯಲ್ಲಿರುವುದರಿಂದ ಲೋಹದ ಬಗ್ಗೆ ಎಚ್ಚರ ಅಗತ್ಯ. ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಶ್ರವಣ ಸಾಧನಗಳ ವಿಷಯವನ್ನು ಮೊದಲೇ ತಿಳಿಸಬೇಕು. ಇಳಕಲ್ ಸುತ್ತಲಿನ ಗ್ರಾನೈಟ್ ಗಣಿಗಳಲ್ಲಿ ಉಳಿ-ಸುತ್ತಿಗೆ ಹಿಡಿದು ದುಡಿದವರಿಗೆ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಬೇಕಾಗುತ್ತದೆ: ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದದ್ದುಂಟೇ? ಕಣ್ಣಿನೊಳಗೆ ಉಳಿದ ಸಣ್ಣ ಚೂರು ಕಾಂತದ ಸೆಳೆತಕ್ಕೆ ಸರಿದರೆ ದೃಷ್ಟಿಗೇ ಅಪಾಯ. ಅನುಮಾನವಿದ್ದಲ್ಲಿ ಮೊದಲು ಕಣ್ಣಿನ ಭಾಗದ ಕ್ಷ-ಕಿರಣ ಚಿತ್ರ ತೆಗೆದು ನೋಡುತ್ತಾರೆ. ತಾಳಿ, ಕಾಲುಂಗುರ, ಬೆಳ್ಳಿಯ ಉಡುದಾರ, ತಾಯಿತ ಮತ್ತು ಜರಿ ಎಳೆಯಿರುವ ಸೀರೆ-ರವಿಕೆಗಳನ್ನು ತೆಗೆದು ಆಸ್ಪತ್ರೆಯ ಉಡುಪು ಧರಿಸಬೇಕು.

ಚಿತ್ರಗಳಲ್ಲಿ ಕಾಣುವ ಲಕ್ಷಣಗಳು

ಆರೋಗ್ಯವಂತ ಅಸ್ಥಿರಜ್ಜುವಿನಲ್ಲಿ ನೀರಿನಂಶ ಕೊಲಾಜೆನ್ ಎಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಕಪ್ಪು ಪಟ್ಟಿಯಂತೆ ಕಾಣುತ್ತದೆ. ಹರಿದಾಗ ಎಳೆಗಳ ನಡುವೆ ದ್ರವ ಸೇರಿ ಆ ಕಪ್ಪಿನಲ್ಲಿ ಬಿಳುಪು ಮೂಡುತ್ತದೆ. ಎಸಿಎಲ್ ಪೂರ್ಣ ಹರಿದಿರುವಲ್ಲಿ ಪಟ್ಟಿ ಕಡಿದಂತಿರುತ್ತದೆ, ಅಲೆಯಂತೆ ಸುಕ್ಕಾಗಿರುತ್ತದೆ ಅಥವಾ ತನ್ನ ಸಹಜ ಇಳಿಜಾರನ್ನು ಬಿಟ್ಟು ನೆಲಕ್ಕೆ ಒರಗಿದಂತಿರುತ್ತದೆ.

ಪರೋಕ್ಷ ಸುಳಿವುಗಳೂ ಉಂಟು. ಕೀಲು ತಪ್ಪಿದ ಆ ಕ್ಷಣದಲ್ಲಿ ತೊಡೆಮೂಳೆಯ ಹೊರಭಾಗವೂ ಟಿಬಿಯಾದ ಹೊರ ಹಿಂಭಾಗವೂ ಪರಸ್ಪರ ಬಡಿದು ಮೂಳೆಯೊಳಗೆ ಜಜ್ಜಿದ ಗುರುತು ಉಳಿಯುತ್ತದೆ. ಕೀಲು ಕ್ಷಣಮಾತ್ರದಲ್ಲಿ ಸ್ವಸ್ಥಾನಕ್ಕೆ ಮರಳಿದರೂ ಈ ಗುರುತು ವಾರಗಳ, ಕೆಲವೊಮ್ಮೆ ತಿಂಗಳುಗಳ ಕಾಲ ಇದ್ದು, ಗಾಯ ಹೇಗಾಯಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಟಿಬಿಯಾ ಮುಂದಕ್ಕೆ ಜಾರಿರುವುದು ಮತ್ತು ಪಿಸಿಎಲ್ ಬಿಲ್ಲಿನಂತೆ ಬಾಗಿರುವುದು ಇತರ ಸುಳಿವುಗಳು. ಟಿಬಿಯಾದ ಹೊರ ಅಂಚಿನಿಂದ ಕಿತ್ತುಬಂದ ಸಣ್ಣ ಚಕ್ಕೆಗೆ, 1879ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಸೆಗೊಂಡ್ ಅವರ ಹೆಸರಿದೆ. ಈ ಚಕ್ಕೆ ಕ್ಷ-ಕಿರಣ ಚಿತ್ರದಲ್ಲಿಯೇ ಉತ್ತಮವಾಗಿ ಕಾಣುವುದರಿಂದ, ಎಂಆರ್‌ಐ ಮಾಡಿಸುವವರಿಗೂ ಕ್ಷ-ಕಿರಣ ಚಿತ್ರ ಅನಾವಶ್ಯಕವಲ್ಲ.

ಪಿಸಿಎಲ್‌ನ ಗಾಯ ಬೇರೆ ತೆರನಾದದ್ದು. ಅದು ಕಡಿದುಹೋಗುವುದಕ್ಕಿಂತ ಎಳೆದು ಊದಿಕೊಳ್ಳುವುದೇ ಹೆಚ್ಚು, 7 ಮಿ.ಮೀ.ಗಿಂತ ದಪ್ಪವಾಗಿ, ಒಳಗೆ ಬಿಳುಪಾಗಿದ್ದರೆ ಹರಿದಿರುವ ಸಂಶಯ ಬಲವಾಗುತ್ತದೆ. ಎಂಸಿಎಲ್ ಗಾಯಗಳನ್ನು ಮೂರು ಹಂತಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪಟ್ಟಿ ಕಟ್ಟಿ ಆರೈಕೆ ಮಾಡಿದರೆ ತಾವೇ ಕೂಡಿಕೊಳ್ಳುತ್ತವೆ. ಆದರೆ ಎಂಸಿಎಲ್ ಕೆಳತುದಿಯಲ್ಲಿ ಕಿತ್ತು, ಮೇಲೆ ಹಾಯುವ ಸ್ನಾಯುರಜ್ಜುಗಳ ಹೊರಬದಿಗೆ ಮಡಚಿಕೊಂಡಿದ್ದರೆ ಅದು ಮೂಳೆಯನ್ನು ಮುಟ್ಟಲಾರದು, ಕೂಡಲೂ ಆರದು. ಇಂತಹ ಸ್ಥಿತಿಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಖಚಿತವಾಗಿ ತೋರಿಸುವುದು ಎಂಆರ್‌ಐ.

ಶಸ್ತ್ರಚಿಕಿತ್ಸೆಯ ಯೋಜನೆ

ಕಾಲದ ಮಿತಿ

ಎಸಿಎಲ್ ಒಂದೇ ಹರಿದಿದ್ದರೆ ಅವಸರವಿಲ್ಲ. ಊತ ಇಳಿದು, ಕಾಲು ಪೂರ್ತಿ ಚಾಚಲು ಬರುವಂತಾಗಿ, ತೊಡೆಯ ಸ್ನಾಯುಗಳು ಬಲಗೊಂಡ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದೇ ಲೇಸು. ಊದಿದ, ಬಿಗಿದ ಮೊಣಕಾಲಿನಲ್ಲಿ ಆತುರಪಟ್ಟರೆ ಕೀಲು ಗಟ್ಟಿಯಾಗಿ ಉಳಿಯುವ ಅಪಾಯವಿದೆ. ಕೆಲವು ಗಾಯಗಳು ಮಾತ್ರ ಕಾಯುವುದಿಲ್ಲ. ಹೊರಬದಿಯ ಹಿಂಮೂಲೆಯ ರಚನೆಗಳು ಹರಿದಿದ್ದರೆ ಅವುಗಳನ್ನು ಸುಮಾರು ಮೂರು ವಾರಗಳೊಳಗೆ ಹೊಲಿಯುವುದು ಸುಲಭ. ಅನಂತರ ಅಲ್ಲಿ ಗಾಯದ ಅಂಗಾಂಶ ಬೆಳೆದು, ಯಾವುದು ರಜ್ಜು ಯಾವುದು ಕಲೆ ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಅದನ್ನು ಗಮನಿಸದೆ ಎಸಿಎಲ್ ಮಾತ್ರ ಮರುನಿರ್ಮಿಸಿದರೆ ಹೊಸ ರಜ್ಜುವಿನ ಮೇಲೆ ಮಿತಿಮೀರಿದ ಎಳೆತ ಬಿದ್ದು ಅದೂ ಸಡಿಲಗೊಳ್ಳುತ್ತದೆ. ಮೆನಿಸ್ಕಸ್‌ನ ದೊಡ್ಡ ತುಂಡು ಕೀಲಿನ ನಡುವೆ ಮಗುಚಿ ಸಿಕ್ಕಿಕೊಂಡು, ಕಾಲು ಚಾಚಲಾಗದೆ ಬೀಗ ಹಾಕಿದಂತಾದಾಗಲೂ ತಡಮಾಡುವಂತಿಲ್ಲ. ಚಿತ್ರದಲ್ಲಿ ಆ ತುಂಡು ಪಿಸಿಎಲ್‌ನ ಕೆಳಗೆ ಇನ್ನೊಂದು ಪಿಸಿಎಲ್ ಇರುವಂತೆ ತೋರುತ್ತದೆ.

ಮೊಣಕಾಲು ಉಳುಕಿದಾಗ ಮೊದಲು ಎಣ್ಣೆ ತೀಡಿಸಿ, ಬಿದಿರ ದಬ್ಬೆ ಕಟ್ಟಿಸಿ, ಊತ ಇಳಿಯುವ ತನಕ ಕಾಯುವ ವಾಡಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಮೂಳೆ ಮುರಿದಿಲ್ಲ ಎಂಬ ಕ್ಷ-ಕಿರಣ ವರದಿಯೂ ಅನೇಕ ವೇಳೆ ತಪ್ಪು ನೆಮ್ಮದಿಯನ್ನು ಕೊಡುತ್ತದೆ. ಕಳೆದುಹೋಗುವುದು ಈ ಮೂರು ವಾರಗಳೇ.

ಇದಕ್ಕಿಂತಲೂ ತುರ್ತಾದ ಸಂದರ್ಭವೊಂದಿದೆ. ಅಪಘಾತದಲ್ಲಿ ಮೊಣಕಾಲಿನ ಕೀಲು ಪೂರ್ಣ ತಪ್ಪಿ, ಆಸ್ಪತ್ರೆ ತಲಪುವ ಮೊದಲೇ ತಾನಾಗಿ ಕೂಡಿಕೊಂಡಿರಬಹುದು. ಆಗ ಮೊಣಕಾಲಿನ ಹಿಂದೆ ಹಾಯುವ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗಿರುವ ಸಾಧ್ಯತೆಯಿದೆ. ರಕ್ತಸಂಚಾರ ನಿಂತಿದ್ದರೆ ಕೆಲವೇ ಗಂಟೆಗಳಲ್ಲಿ, ಸಾಮಾನ್ಯವಾಗಿ ಆರರೊಳಗೆ, ಅದನ್ನು ಮರಳಿ ಸ್ಥಾಪಿಸದಿದ್ದಲ್ಲಿ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಪಾದದ ನಾಡಿ ನೋಡುವುದು, ಪಾದದ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವುದು, ಅಗತ್ಯವಿದ್ದರೆ ಸಿಟಿ ಆಂಜಿಯೋಗ್ರಾಂ, ಇವೇ ಆಗಿನ ಮೊದಲ ಕೆಲಸಗಳು. ಎಂಆರ್‌ಐಗಾಗಿ ಇವನ್ನು ಮುಂದೂಡಬಾರದು.

ಹರಿದ ಜಾಗ ಮತ್ತು ಚಿಕಿತ್ಸೆಯ ಆಯ್ಕೆ

ಎಸಿಎಲ್ ಹೆಚ್ಚಾಗಿ ನಡುವೆ ಹರಿಯುತ್ತದೆ. ಆಗ ತುದಿಗಳನ್ನು ಹೊಲಿದರೆ ಕೂಡುವುದಿಲ್ಲ; ಬೇರೊಂದು ಸ್ನಾಯುರಜ್ಜುವನ್ನು ತೆಗೆದು ಅದರ ಜಾಗದಲ್ಲಿ ಕೂರಿಸಬೇಕು. ತೊಡೆಮೂಳೆಯ ಅಂಟಿನಲ್ಲೇ ಕಿತ್ತುಬಂದು ಉಳಿದ ರಜ್ಜು ಗಟ್ಟಿಯಾಗಿದ್ದರೆ, ಆಯ್ದ ಕೆಲವರಲ್ಲಿ ಅದನ್ನೇ ಮರಳಿ ಹೊಲಿಯುವ ಪ್ರಯತ್ನ ನಡೆಯುತ್ತದೆ. ಟಿಬಿಯಾದ ಕಡೆಯಿಂದ ಮೂಳೆಯ ತುಂಡಿನ ಸಮೇತ ಕಿತ್ತಿದ್ದರೆ ಆ ತುಂಡನ್ನು ಸ್ಕ್ರೂ ಅಥವಾ ಹೊಲಿಗೆಯಿಂದ ಸ್ವಸ್ಥಾನದಲ್ಲಿ ಕೂರಿಸುತ್ತಾರೆ. ಬೆಳೆಯುವ ಮಕ್ಕಳಲ್ಲಿ ಇಂತಹ ಕಿತ್ತ ತುಂಡುಗಳು ವಿಶೇಷವಾಗಿ ಕಂಡುಬರುತ್ತವೆ. ಶಾಲಾ ವಯಸ್ಸಿನ ಆಟಗಾರರಲ್ಲಿ ಮೂಳೆಯ ಬೆಳವಣಿಗೆಯ ಪಟ್ಟಿ ಇನ್ನೂ ತೆರೆದಿದೆಯೇ ಎಂಬುದನ್ನೂ ಎಂಆರ್‌ಐ ತೋರಿಸುತ್ತದೆ. ಅದಕ್ಕೆ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು ಅಥವಾ ಸೊಟ್ಟಗೆ ಬೆಳೆಯಬಹುದು. ಮೂಳೆಯಲ್ಲಿ ರಂಧ್ರ ಕೊರೆಯುವ ದಾರಿಯನ್ನು ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ.

ಮೆನಿಸ್ಕಸ್‌ನ ಸ್ಥಿತಿಯಿಂದ ಶಸ್ತ್ರಚಿಕಿತ್ಸೆಯ ಅವಧಿ, ಉಪಕರಣ ಮತ್ತು ನಂತರದ ಆರೈಕೆ ಮೂರೂ ಬದಲಾಗುತ್ತವೆ. ಹೊರ ಮೆನಿಸ್ಕಸ್‌ನ ಹಿಂಬೇರು ಕಿತ್ತಿದ್ದರೆ ಅದನ್ನು ಮೂಳೆಗೆ ಮರಳಿ ಕಟ್ಟಬೇಕು. ಒಳ ಮೆನಿಸ್ಕಸ್ ತನ್ನ ಹಿಂಬದಿಯ ಹೊದಿಕೆಯಿಂದ ಬಿಟ್ಟುಕೊಂಡಿದ್ದರೆ ಅದು ಎಂಆರ್‌ಐಗೆ ಅನೇಕ ಬಾರಿ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಕಾಲು ಚಾಚಿ ಮಲಗಿದಾಗ ಆ ಬಿರುಕು ಮುಚ್ಚಿಕೊಂಡಿರುತ್ತದೆ. ಹೀಗಾಗಿ ವರದಿಯಲ್ಲಿ ಇಲ್ಲದಿದ್ದರೂ ದರ್ಶಕದ ಮೂಲಕ ಆ ಮೂಲೆಯನ್ನು ಪರಿಶೀಲಿಸುವುದು ಶಸ್ತ್ರವೈದ್ಯರ ಕ್ರಮ.

ಬದಲಿ ರಜ್ಜುವಿನ ಆಯ್ಕೆ

ಬದಲಿ ರಜ್ಜುವನ್ನು ಸಾಮಾನ್ಯವಾಗಿ ತೊಡೆಯ ಹಿಂಭಾಗದ ಸ್ನಾಯುರಜ್ಜುಗಳಿಂದ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಿಂದ ಅಥವಾ ಅದರ ಮೇಲಿನದರಿಂದ ತೆಗೆಯುತ್ತಾರೆ. ತೊಡೆಯ ಹಿಂಭಾಗದವನ್ನು ಮಡಚಿ ಮಾಡಿದ ರಜ್ಜು 8 ಮಿ.ಮೀ.ಗಿಂತ ತೆಳುವಾಗಿದ್ದರೆ ಮತ್ತೆ ಹರಿಯುವ ಸಂಭವ ಹೆಚ್ಚು. ಎಂಆರ್‌ಐನ ಅಡ್ಡಛೇದದಲ್ಲಿ ಆ ಸ್ನಾಯುರಜ್ಜುಗಳ ಗಾತ್ರವನ್ನು ಅಳೆದು, ಅವು ಸಾಲುವುದೇ ಎಂದು ಮೊದಲೇ ಅಂದಾಜಿಸಬಹುದು. ಮಂಡಿಚಿಪ್ಪಿನ ಕೆಳಗಿನ ರಜ್ಜು ಬಲವಾದದ್ದಾದರೂ ಅದನ್ನು ತೆಗೆದ ಮೇಲೆ ಮಂಡಿಯೂರುವಾಗ ನೋವು ಉಳಿಯುವುದುಂಟು. ನೆಲದ ಮೇಲೆ ಮಂಡಿಯೂರಿ ದುಡಿಯುವ ಕಲ್ಲು ಕೆಲಸದವರಿಗೂ, ದಿನವೂ ನಮಾಜು ಮಾಡುವವರಿಗೂ ಇದು ಸಣ್ಣ ವಿಷಯವಲ್ಲ.

ಚಿತ್ರ ಮತ್ತು ರೋಗಿ

ಪೂರ್ಣ ಹರಿದ ಎಸಿಎಲ್ ಅನ್ನು ಗುರುತಿಸುವಲ್ಲಿ ಎಂಆರ್‌ಐನ ನಿಖರತೆ ಶೇ. 90ರ ಆಸುಪಾಸಿನಲ್ಲಿದೆ. ಅರೆಹರಿದ ರಜ್ಜುಗಳಲ್ಲಿ ಅದು ಗಣನೀಯವಾಗಿ ಕಡಿಮೆ. ಹಳೆಯ ಗಾಯದಲ್ಲಿ ಹರಿದ ಎಸಿಎಲ್ ಪಿಸಿಎಲ್‌ಗೆ ಅಂಟಿಕೊಂಡು ಅಖಂಡವಾಗಿರುವಂತೆ ತೋರಬಹುದು. ಎಳೆಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಗಾಯವಿಲ್ಲದೆಯೂ ಬಿಳುಪು ಕಾಣುತ್ತದೆ. ಮಲಗಿದ, ಅಲುಗದ ಮೊಣಕಾಲಿನ ಚಿತ್ರವು ನಡೆಯುವಾಗ ಕೀಲು ಎಷ್ಟು ಜಾರುತ್ತದೆ ಎಂಬುದನ್ನು ಹೇಳಲಾರದು. ಅದನ್ನು ಹೇಳುವುದು ಕೈಪರೀಕ್ಷೆ. ಮೊಣಕಾಲನ್ನು 20ರಿಂದ 30 ಡಿಗ್ರಿ ಮಡಚಿ ಟಿಬಿಯಾವನ್ನು ಮುಂದಕ್ಕೆ ಎಳೆದು ನೋಡುವ ಲಾಕ್‌ಮನ್ ಪರೀಕ್ಷೆ ಮತ್ತು ತಿರುವಿನಲ್ಲಿ ಕೀಲು ಜಾರುವುದನ್ನು ನೋಡುವ ಪಿವಟ್ ಶಿಫ್ಟ್ ಪರೀಕ್ಷೆ ಇವುಗಳಲ್ಲಿ ಮುಖ್ಯವಾದವು.

ಹರಿದ ಪ್ರತಿ ಎಸಿಎಲ್‌ಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಸ್ವೀಡನ್‌ನಲ್ಲಿ ಚಟುವಟಿಕೆಯುಳ್ಳ 121 ಯುವ ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆಗೆ ಒಳಗಾದ 59 ಮಂದಿಯ ಪೈಕಿ 23 ಮಂದಿಗೆ ಮಾತ್ರ ಎರಡು ವರ್ಷಗಳೊಳಗೆ ಎಸಿಎಲ್ ಮರುನಿರ್ಮಾಣ ಬೇಕಾಯಿತು. ಐದು ವರ್ಷಗಳ ವೇಳೆಗೆ ಈ ಸಂಖ್ಯೆ 30ಕ್ಕೆ ಏರಿತು. ಯಾರಿಗೆ ಬೇಕು ಎಂಬುದು ದುಡಿಮೆ ಮತ್ತು ಬದುಕಿನ ರೀತಿಯನ್ನೂ ಅವಲಂಬಿಸಿದೆ. ಇಳಕಲ್ ಸೀರೆ ನೇಯುವ ಕುಣಿಮಗ್ಗದಲ್ಲಿ ನೇಕಾರರು ನೆಲದ ಕುಣಿಗೆ ಕಾಲಿಳಿಸಿ ಕುಳಿತು ಹಲಗೆಗಳನ್ನು ತುಳಿಯುತ್ತಾರೆ. ಮೊಣಕಾಲು ಮಡಚಿಯೇ ಇರುತ್ತದೆ, ಪಾದದ ಮೇಲೆ ದೇಹದ ಭಾರವಾಗಲಿ ತಿರುವಾಗಲಿ ಬೀಳುವುದಿಲ್ಲ. ಎಸಿಎಲ್ ಮಾತ್ರ ಹರಿದ ನೇಕಾರರೊಬ್ಬರು ವ್ಯಾಯಾಮದ ಬಲದಿಂದಲೇ ಮಗ್ಗಕ್ಕೆ ಮರಳುವ ಸಾಧ್ಯತೆ ಇದೆ. ಅವರಿಗೆ ಶಸ್ತ್ರಚಿಕಿತ್ಸೆ ಎಂದರೆ ಹಲವು ವಾರಗಳ ದುಡಿಮೆಯ ನಷ್ಟ. ಅದೇ ಎಂಆರ್‌ಐ ಚಿತ್ರ ಕಬಡ್ಡಿ ಆಟಗಾರನದ್ದಾಗಿದ್ದರೆ, ಅಥವಾ ಏರುತಗ್ಗಿನ ಗಣಿಯಲ್ಲಿ ಕಲ್ಲು ಹೊರುವವರದ್ದಾಗಿದ್ದರೆ, ತೀರ್ಮಾನ ಬೇರೆಯಾಗಬಹುದು. ಮೊಣಕಾಲು ಪದೇ ಪದೇ ಜಾರುತ್ತಿದ್ದರೆ ಪ್ರತಿ ಜಾರುವಿಕೆಯಲ್ಲೂ ಮೆನಿಸ್ಕಸ್ ಮತ್ತು ಮೃದ್ವಸ್ಥಿ ಸವೆಯುವುದರಿಂದ ನೇಕಾರರಿಗೂ ಶಸ್ತ್ರಚಿಕಿತ್ಸೆಯ ಅಗತ್ಯ ಬರುತ್ತದೆ.

ಲಭ್ಯತೆ

ಇಳಕಲ್ ಮತ್ತು ಹುನಗುಂದ ಭಾಗದವರಿಗೆ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯೇ ದೊಡ್ಡ ಆಸ್ಪತ್ರೆಗಳ ಊರು. ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಬಾಗಲಕೋಟೆಯ ನವನಗರದಲ್ಲಿವೆ. ವಿಜಯಪುರ, ಹುಬ್ಬಳ್ಳಿ ಮತ್ತು ಬೆಳಗಾವಿಗಳಲ್ಲಿಯೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಸಂದರ್ಭವನ್ನು ಬಿಟ್ಟು, ಖಾಸಗಿ ಆಸ್ಪತ್ರೆಯಲ್ಲಿ ಇದರ ಪ್ರಯೋಜನ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ಪರೀಕ್ಷೆ ಒಂದೂರಲ್ಲಿ, ಶಸ್ತ್ರಚಿಕಿತ್ಸೆ ಇನ್ನೊಂದೂರಲ್ಲಿ ನಡೆಯುವಾಗ ಬರಹದ ವರದಿಯಷ್ಟನ್ನೇ ಒಯ್ಯುವುದು ಸಾಲದು. ರಜ್ಜುವಿನ ದಪ್ಪ, ಹರಿದ ಜಾಗ, ಮೂಳೆಯ ಇಳಿಜಾರು ಮುಂತಾದವನ್ನು ಶಸ್ತ್ರವೈದ್ಯರು ತಾವೇ ಅಳೆಯಬೇಕಾಗುವುದರಿಂದ ಚಿತ್ರಗಳ ಪೂರ್ಣ ಸಿ.ಡಿ. ಅಥವಾ ಗಣಕ ಪ್ರತಿ ಜೊತೆಯಲ್ಲಿರಬೇಕು.

ಶಸ್ತ್ರಚಿಕಿತ್ಸೆಯ ನಂತರ

ಬದಲಿ ರಜ್ಜು ಮೊದಲ ತಿಂಗಳುಗಳಲ್ಲಿ ಕಪ್ಪಾಗಿ ಕಾಣುತ್ತದೆ. ಅನಂತರ ಅದರೊಳಗೆ ರಕ್ತನಾಳಗಳು ಬೆಳೆಯುವ ಕಾಲದಲ್ಲಿ ಬಿಳುಪು ಮೂಡಿ, ಒಂದೆರಡು ವರ್ಷಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಈ ನಡುವಿನ ಬಿಳುಪನ್ನು ಮರುಹರಿತವೆಂದು ಭಾವಿಸುವ ಅಪಾಯವಿರುವುದರಿಂದ, ಶಸ್ತ್ರಚಿಕಿತ್ಸೆಯ ದಿನಾಂಕ ತಿಳಿಯದೆ ಇಂತಹ ಚಿತ್ರವನ್ನು ಓದುವುದು ಸರಿಯಲ್ಲ. ಟೈಟಾನಿಯಂ ಸ್ಕ್ರೂಗಳಿರುವವರಿಗೂ ಎಂಆರ್‌ಐ ಮಾಡಬಹುದು, ಆದರೆ ಲೋಹದ ಸುತ್ತಲಿನ ಚಿತ್ರ ಅಸ್ಪಷ್ಟವಾಗುತ್ತದೆ. ಮರುಶಸ್ತ್ರಚಿಕಿತ್ಸೆಗೆ ಮೊದಲು ಹಳೆಯ ರಂಧ್ರಗಳು ಎಷ್ಟು ಅಗಲಿಸಿವೆ ಎಂದು ಅಳೆಯಲು ಸಿಟಿ ಸ್ಕ್ಯಾನ್ ಹೆಚ್ಚು ಉಪಯುಕ್ತ.